ಪಡುಕೆರೆ, ಏಪ್ರಿಲ್ ರೀಡಿಂಗ್

ಸೇತುವೆ ಇಳಿದದ್ದೇ
ಬಲಗಿವಿಗೆ ಕಡಲು. ಎಡಗಿವಿಗೆ ಏನೂ ಇಲ್ಲ.
ಹೊಳೆ ಬೆಳಗ್ಗೆ ಮಾತಾಡುವುದಿಲ್ಲ,
ಇಳಿತದಲ್ಲಿ ಕೆಸರು ತೋರಿಸಿ ಮಲಗಿರುತ್ತದೆ.
ನಡುವೆ ಒಂದು ಡಾಮರು ದಾರಿ,
ಎರಡೂ ಬದಿಗೆ ಮನೆ, ಮನೆಗೊಂದು ಮೀಟರು,
ಅಷ್ಟಕ್ಕೂ ಸೇರಿ ನಾನೊಬ್ಬಳು.

ಹೆಗಲಲ್ಲಿ ಮಿಷನ್ನು, ಚೀಲದಲ್ಲಿ ಪೇಪರ್ ರೋಲು,
ತಲೆಗೆ ಗಂಡನ ಕ್ರಿಕೆಟ್ ಟೊಪ್ಪಿ.
ಮಟ್ಟುವಿನ ತನಕ ನೂರ ಎಂಬತ್ತಾರು ಮನೆ.
ಎಂಟು ವರ್ಷ ನಡೆದಿದ್ದೇನೆ,
ಇದನ್ನು ವಿಹಾರ ಅಂತ ಯಾರೂ ಕರೆದದ್ದಿಲ್ಲ.
ಮೊನ್ನೆ ಮಣಿಪಾಲದ ನಾಲ್ಕು ಮಕ್ಕಳು
ಬೈಕು ನಿಲ್ಲಿಸಿ ಕೇಳಿದರು:
ಆಂಟಿ, ಆ ಚಂದದ ವಾಕಿಂಗ್ ದಾರಿ ಎಲ್ಲಿಂದ ಸುರು?
ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಉಪ್ಪುಗಾಳಿಗೆ ಪೆಟ್ಟಿಗೆಯ ಮುಚ್ಚಳ
ಮುಟ್ಟಿದರೆ ಕೈಗೇ ಬರುತ್ತದೆ.
ಒಂದರೊಳಗೆ ಇರುವೆ ಗೂಡು, ಒಂದರೊಳಗೆ ಬೀಡಿ ಕಟ್ಟು,
ವಾರಿಜ ತಿಂಗಳಾಯರ ಮನೆಯದರಲ್ಲಿ ಅವರ ಕನ್ನಡಕ.
"ಅಯ್ಯೋ, ಅಲ್ಲಿತ್ತಾ ಮಾರಾಯ್ತಿ!"

ಅಂಕಿ ಓದಿದರೆ ಮನೆ ಓದಿದ ಹಾಗೆ.
ಇಪ್ಪತ್ತು ಏರಿದರೆ ತೊಟ್ಟಿಲು ಕಟ್ಟಿದ್ದಾರೆ,
ಫ್ಯಾನು ಹಗಲಿಗೂ ತಿರುಗುತ್ತಿದೆ.
ಎಪ್ಪತ್ತು ಏರಿದರೆ ಫ್ರಿಜ್ಜು ಬಂದಿದೆ.
ಇಳಿದರೆ ಮಾತ್ರ ಕೇಳುವುದಿಲ್ಲ.
ಅಂಗಳದಲ್ಲಿ ಒಣಗುವ ನಂಗು ಮೀನು ದಾಟಿ
ಮೆಲ್ಲ ಹೊರಬೀಳುತ್ತೇನೆ.

ಹನ್ನೊಂದು ಗಂಟೆಗೆ ನೆರಳು ಜಿಪುಣವಾಗುತ್ತದೆ.
ತೆಂಗಿನದ್ದು ಹರಕು ಕೊಡೆ,
ಗಾಳಿಮರದ್ದು ಬರೀ ಸದ್ದು.
ಬೆವರು ಕಣ್ಣಿಗಿಳಿದು ಹೊಳೆ ಎರಡಾಗಿ ಕಾಣುತ್ತದೆ,
ಎರಡರಲ್ಲೂ ಮೊಣಕಾಲು ನೀರಲ್ಲಿ ಬಗ್ಗಿ
ಮರುವಾಯಿ ಹೆಕ್ಕುವ ಹೆಂಗಸರು.
ಅಲ್ಲಿಂದಲೇ ಕೂಗು: "ಕರೆಂಟಕ್ಕಾ, ನಮ್ಮದೆಷ್ಟು?"
"ಸೊನ್ನೆ!"
"ಸೊನ್ನೆಯನ್ನೂ ಬಂದು ಓದಬೇಕಾ, ಈ ಸೆಖೆಗೆ?"
ಸೊನ್ನೆಯನ್ನೂ ಓದಬೇಕು.

ದಾರಿ ಸಪೂರವಾಗುವಲ್ಲಿ
ನೀರಿನಿಂದ ನೀರಿಗೆ ಎಂಬತ್ತು ಹೆಜ್ಜೆ,
ಹೋದ ವರ್ಷ ತೊಂಬತ್ತಾರಿತ್ತು.
ಇಲ್ಲಿತ್ತು ನೂರ ಹದಿನೇಳನೆಯ ಮನೆ, ತಾರಾನಾಥ ಮೆಂಡನರದ್ದು.
ಆಟಿಯ ಒಂದು ರಾತ್ರಿ
ಜಗಲಿ, ಬಾವಿಕಟ್ಟೆ, ಗೋಡೆ,
ಗೋಡೆಯ ಜತೆ ಮೀಟರು.
ಮಿಷನ್ನಿಗೆ ಅದು ಗೊತ್ತಿಲ್ಲ.
ಸರದಿ ಬಂದಾಗ ಹೆಸರು ತೋರಿಸಿ ಕಾಯುತ್ತದೆ,
ರೀಡಿಂಗ್ ಇಲ್ಲವಾದರೆ ಕಾರಣ ಒತ್ತು ಅನ್ನುತ್ತದೆ:
ಬಾಗಿಲು ಹಾಕಿದೆ.
ಮೀಟರು ಓಡುತ್ತಿಲ್ಲ.
ನಾಯಿ ಇದೆ.
ಕಡಲು ಇದೆ ಅನ್ನುವ ಗುಂಡಿ ಇಲ್ಲ.
ಪ್ರತಿ ತಿಂಗಳು ನಾನು ಇಲ್ಲದ ಬಾಗಿಲು ಹಾಕಿ
ಮುಂದೆ ಹೋಗುತ್ತೇನೆ.
ಸಾಲು ಕರಿಗಲ್ಲಿನಾಚೆ ಇವತ್ತು
ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕಿನ ಮುಖ ಅದಕ್ಕೆ.

ಮೆಂಡನರು ಈಗ ಹೊಳೆಬದಿಗೆ, ತಗಡಿನ ಮಾಡಿನ ಕೆಳಗೆ,
ಬಲೆ ಮಡಿಲಲ್ಲಿಟ್ಟು ಸೂಜಿ ಹಾಕುತ್ತಿದ್ದಾರೆ.
"ನಮ್ಮ ಹಳೇ ಮೀಟರು ಈಗ ಎಷ್ಟು ತೋರಿಸ್ತದೋ!
ಅಡಿಯಲ್ಲಿ ಬಂಗುಡೆಗಳು ಫ್ಯಾನು ಹಾಕಿ ಕೂತಿರಬೇಕು,
ಬಿಲ್ಲು ನನಗೆ."
ಅವರು ನಗುತ್ತಾರೆ. ಹೆಂಡತಿ ಸುಗುಣ ನಗುವುದಿಲ್ಲ,
ನನ್ನ ಪುನರ್ಪುಳಿಗೆ ಇನ್ನೊಂದು ತುಂಡು ಬೆಲ್ಲ ಹಾಕುತ್ತಾಳೆ.

ಕೊನೆಯ ಮನೆ ಮುಗಿಯುವಾಗ ನಾಲ್ಕು.
ಗುಳ್ಳದ ಗದ್ದೆಯಂಚಲ್ಲಿ ಚಪ್ಪಲಿ ಕಳಚಿ
ಹೊಳೆಗೆ ಕಾಲು ಇಳಿಬಿಟ್ಟೆ.
ಉಬ್ಬರ ಒಳಗೆ ಬರುತ್ತಿತ್ತು,
ಕಾಲ್ಬೆರಳ ಸಂದಿಯಲ್ಲಿ ಏನೋ ಹೇಳುತ್ತಿತ್ತು,
ಅದರ ಅರ್ಧ ಉಪ್ಪು.

ತಿರುಗಿ ಹೊರಟಾಗ ಕಡಲು ಎಡಕ್ಕೆ.
ಸಪೂರ ಜಾಗದಲ್ಲಿ ಅದೇ ನಾಲ್ಕು ಮಕ್ಕಳು
ಕಲ್ಲಿನ ಮೇಲೆ ಕೂತು ಐಸ್‌ಕ್ಯಾಂಡಿ ತಿನ್ನುತ್ತಿದ್ದರು.
ದಾರಿ ಸಿಕ್ಕಿತಾ ಅಂತ ಕೇಳಲಿಲ್ಲ.
ಸುಮ್ಮನೆ ಇನ್ನೊಮ್ಮೆ ಅಳೆದೆ,
ಈ ನೀರಿನಿಂದ ಆ ನೀರಿಗೆ:
ಎಂಬತ್ತಮೂರು.
ದಣಿದ ಹೆಜ್ಜೆ ಗಿಡ್ಡ, ಗೊತ್ತು ನನಗೆ.
ಆದರೂ ಆ ಮೂರನ್ನು
ಮಿಷನ್ನಿಗೆ ಹೇಳದೆ
ಮನೆಗೆ ತಂದೆ.